ಸೋತ ಮೇಲೆ ಸುಟ್ಟ ಹಳ್ಳಿಗಳು

ಒಂದು ಕಪ್ಪು-ಬಿಳುಪು ಫೋಟೊ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. 1944ರ ಅಕ್ಟೋಬರ್ 30. ಸ್ಲೊವಾಕಿಯಾದ ನಡುಭಾಗದಲ್ಲಿರುವ ಬಾನ್ಸ್ಕಾ ಬಿಸ್ಟ್ರಿತ್ಸಾ ಎಂಬ ಊರು. ಜರ್ಮನ್ ಸೈನಿಕರು ಸಾಲಾಗಿ ನಿಂತಿದ್ದಾರೆ. ಅವರ ಮುಂದೆ ಕಪ್ಪು ಉಡುಪಿನ, ದಪ್ಪ ಮೈಕಟ್ಟಿನ ಒಬ್ಬ ಕ್ಯಾಥೊಲಿಕ್ ಪಾದ್ರಿ. ಸೈನಿಕರಿಗೆ ಪದಕ ಕೊಡುತ್ತಿದ್ದಾನೆ. ಆ ಪಾದ್ರಿ ಯೋಜೆಫ್ ಟಿಸೊ, ಸ್ಲೊವಾಕಿಯಾ ದೇಶದ ಅಧ್ಯಕ್ಷ. ಮೂರು ದಿನ ಮೊದಲಷ್ಟೇ ಈ ಊರು ಜರ್ಮನ್ನರ ಕೈಗೆ ಬಿದ್ದಿತ್ತು. ಪದಕ ಸಿಕ್ಕಿದ್ದು ಯಾರನ್ನು ಸೋಲಿಸಿದ್ದಕ್ಕೆ? ಅವನದೇ ದೇಶದ ಸೈನ್ಯವನ್ನು, ಅವನದೇ ಊರುಕೇರಿಗಳ ಹುಡುಗರನ್ನು. ಅಂದು ಕೃತಜ್ಞತೆಯ ಬಲಿಪೂಜೆಯನ್ನೂ ಅರ್ಪಿಸಲಾಯಿತು.

ಕೆಲಸಕ್ಕೆಂದು ಬ್ರಾಟಿಸ್ಲಾವಾಕ್ಕೆ ಬಂದ ಹೊಸತರಲ್ಲಿ ಈ ಇತಿಹಾಸ ನನಗೆ ಒಂದು ರಜೆಯ ರೂಪದಲ್ಲಿ ಪರಿಚಯವಾಯಿತು. ಆಗಸ್ಟ್ 29, ಸ್ಲೊವಾಕ್ ರಾಷ್ಟ್ರೀಯ ದಂಗೆಯ ದಿನ. 1944ರಲ್ಲಿ ಜರ್ಮನ್ನರ ಮತ್ತು ಟಿಸೊ ಸರ್ಕಾರದ ವಿರುದ್ಧ ಎದ್ದ ದಂಗೆ ಅದು. ದಂಗೆಯ ಹೆಸರಿನ ಮೂರು ಅಕ್ಷರ, ಎಸ್‌ಎನ್‌ಪಿ, ಈ ದೇಶದಲ್ಲಿ ಎಲ್ಲಿ ನೋಡಿದರೂ ಕಾಣುತ್ತದೆ. ಬ್ರಾಟಿಸ್ಲಾವಾದಲ್ಲಿ ಡ್ಯಾನ್ಯೂಬ್ ಮೇಲಿನ ಸೇತುವೆಗೆ ಅದೇ ಹೆಸರು. ಊರ ನಡುವಿನ ಚೌಕಕ್ಕೂ ಅದೇ ಹೆಸರು. 1989ರಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಜನ ಸೇರಿದ್ದು ಆ ಚೌಕದಲ್ಲೇ. 2018ರಲ್ಲಿ ಯುವ ಪತ್ರಕರ್ತ ಯಾನ್ ಕುಟ್ಸಿಯಾಕ್ ಮತ್ತು ಅವನು ಮದುವೆಯಾಗಬೇಕಿದ್ದ ಹುಡುಗಿಯ ಕೊಲೆಯಾದಾಗ ಜನ ಸೇರಿದ್ದೂ ಅಲ್ಲೇ. ದಂಗೆ ಅಂದರೆ ಇಲ್ಲಿನವರಿಗೆ ಹೆಮ್ಮೆ. ಆ ಹೆಮ್ಮೆ ನನಗೂ ಅರ್ಥವಾಗುತ್ತದೆ. ಆದರೆ ನನ್ನನ್ನು ಹಿಡಿದಿಟ್ಟದ್ದು ದಂಗೆ ಎದ್ದ ದಿನ ಅಲ್ಲ. ಅದು ಅಡಗಿದ ಮೇಲಿನ ಐದು ತಿಂಗಳು. ಊರು ಬಿದ್ದಿತ್ತು, ಸೇನಾಧಿಕಾರಿಗಳು ಸೆರೆಯಾಗಿದ್ದರು, ಪದಕ ಹಂಚಿ ಆಗಿತ್ತು. ಆಮೇಲೆ ಶುರುವಾಯಿತು ನಿಜವಾದ ಕೊಲೆ. ಯಾಕೆ? ಗೆದ್ದವರಿಗೆ ಇನ್ನೂ ಏನು ಬೇಕಿತ್ತು?

ಬಾವುಟ ಒಬ್ಬರದು, ಹಿಡಿತ ಇನ್ನೊಬ್ಬರದು

ಟಿಸೊನ ದೇಶ ಹುಟ್ಟಿದ ರೀತಿಯಲ್ಲೇ ಈ ಪ್ರಶ್ನೆಗೆ ಅರ್ಧ ಉತ್ತರ ಇದೆ. 1939ರ ಮಾರ್ಚ್ 13ರಂದು ಹಿಟ್ಲರ್ ಅವನನ್ನು ಬರ್ಲಿನ್‌ಗೆ ಕರೆಸಿಕೊಂಡ. ಜೆಕೊಸ್ಲೊವಾಕಿಯಾದಿಂದ ಬೇರೆಯಾಗಿ ಸ್ವಾತಂತ್ರ್ಯ ಘೋಷಿಸಿ, ಇಲ್ಲದಿದ್ದರೆ ನಿಮ್ಮ ನಾಡಿನ ಪಾಡು ನಿಮಗೆ ಎಂದ. ಹಂಗೇರಿ ನುಂಗಲು ಕಾದು ಕೂತಿತ್ತು. ಮರುದಿನವೇ ಬ್ರಾಟಿಸ್ಲಾವಾದ ಶಾಸನಸಭೆ ಸ್ವಾತಂತ್ರ್ಯ ಘೋಷಿಸಿತು. ಅದರ ಮರುದಿನ ಜರ್ಮನ್ ಸೈನ್ಯ ಪ್ರಾಗ್‌ನಲ್ಲಿತ್ತು. ಒಂದು ವಾರ ಕಳೆಯುತ್ತಿದ್ದ ಹಾಗೆ 'ರಕ್ಷಣಾ ಒಪ್ಪಂದ'ಕ್ಕೂ ಸಹಿ ಬಿತ್ತು. ವಿದೇಶಾಂಗ ನೀತಿ, ಸೈನ್ಯ ಎರಡೂ ಜರ್ಮನಿಯ ಜೊತೆ ಹೊಂದಿಕೊಂಡು ನಡೆಯಬೇಕು. ದೇಶದ ಪಶ್ಚಿಮ ಅಂಚಿನಲ್ಲಿ ಜರ್ಮನ್ ಸೈನ್ಯಕ್ಕೆ ಒಂದು ಪಟ್ಟಿ ಜಾಗ.

ಉಳಿದದ್ದೆಲ್ಲ ಸ್ಲೊವಾಕರದೇ. ಅವರದೇ ಬಾವುಟ, ಅವರದೇ ನಾಣ್ಯ, ಅಂಚೆಚೀಟಿ, ಶಾಸನಸಭೆ, ಪೊಲೀಸ್. ರಸ್ತೆಯಲ್ಲಿ ಜರ್ಮನ್ ಸೈನಿಕರು ಅಪರೂಪ. ಸಚಿವಾಲಯಗಳಲ್ಲಿ ಮಾತ್ರ ಜರ್ಮನ್ 'ಸಲಹೆಗಾರರು' ಕೂತಿದ್ದರು. ಜಮೀನ್ದಾರ ಊರಿಗೆ ಕಾಲಿಡದೆ ತನ್ನ ಪಾರುಪತ್ಯಗಾರನ ಕೈಯಲ್ಲೇ ಗೇಣಿ ವಸೂಲಿ ಮಾಡಿಸಿದ ಹಾಗೆ. ಬೈಗುಳವೂ ಅವನಿಗೆ, ಶಾಪವೂ ಅವನಿಗೆ. ಜರ್ಮನಿಗೆ ಇದರಿಂದ ಖರ್ಚು ಕಡಿಮೆ. ಪೋಲೆಂಡನ್ನು ಹಿಡಿದಿಡಲು ಎಷ್ಟು ಸೈನ್ಯ ಬೇಕಾಗಿತ್ತೋ ಅದರ ಒಂದು ಸಣ್ಣ ಪಾಲೂ ಇಲ್ಲಿ ಬೇಕಾಗಲಿಲ್ಲ. ಜೊತೆಗೆ ಆಗ್ನೇಯ ಯುರೋಪಿನ ಉಳಿದ ದೇಶಗಳಿಗೆ, 'ನೋಡಿ, ನಮ್ಮ ಜೊತೆಗಿದ್ದರೆ ಹೀಗೆ ಚೆನ್ನಾಗಿರಬಹುದು' ಎಂದು ತೋರಿಸಲು ಒಂದು ಮಾದರಿ.

ಈ ಚೆನ್ನಾಗಿರುವಿಕೆಯ ಬೆಲೆ ಯಾರು ತೆತ್ತರು ಅನ್ನುವುದನ್ನು ಮರೆಯಬಾರದು. 1942ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 58 ಸಾವಿರ ಯಹೂದಿಗಳನ್ನು ಸ್ಲೊವಾಕಿಯಾದಿಂದ ಸಾಗಿಸಲಾಯಿತು. ಮೊದಲ ರೈಲು ಮಾರ್ಚ್ 25ರಂದು ಪೊಪ್ರಾಡ್ ಊರಿನಿಂದ ಔಶ್ವಿಟ್ಜ್ ಎಂಬ ಜರ್ಮನ್ ಕೊಲೆ ಶಿಬಿರಕ್ಕೆ ಹೊರಟಿತು. ಅದರಲ್ಲಿದ್ದವರು ಸುಮಾರು ಒಂದು ಸಾವಿರ ಹುಡುಗಿಯರು ಮತ್ತು ಯುವತಿಯರು. ಹಿಡಿದು ತಂದವರು ಸ್ಲೊವಾಕ್ ಪೊಲೀಸರು ಮತ್ತು ಹ್ಲಿಂಕಾ ಗಾರ್ಡ್ ಎಂಬ ಆಡಳಿತ ಪಕ್ಷದ ಪಡೆಯವರು. ರೈಲು ಹತ್ತಿಸಿದವರೂ ಅವರೇ. ಇಷ್ಟೇ ಅಲ್ಲ. ಹೀಗೆ ಕರೆದುಕೊಂಡು ಹೋಗುವ ಒಬ್ಬೊಬ್ಬ ಯಹೂದಿಗೆ 500 ರೈಖ್ಸ್‌ಮಾರ್ಕ್‌ನಂತೆ ಸ್ಲೊವಾಕಿಯಾ ಸರ್ಕಾರವೇ ಜರ್ಮನಿಗೆ ಹಣ ಕಟ್ಟಿತು. ಹೋದವರು ವಾಪಸ್ ಬರುವುದಿಲ್ಲ, ಅವರ ಮನೆ-ಅಂಗಡಿಗಳನ್ನು ಯಾರೂ ಕೇಳುವುದಿಲ್ಲ ಎಂಬ ಭರವಸೆಗಾಗಿ. ಈ ಸಾಲನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟಿದ್ದೆ.

ಎರಡು ತಿಂಗಳು

1943ರ ಕೊನೆಗೆ ಗಾಳಿ ಬದಲಾಗಿತ್ತು. ರಷ್ಯಾದ ಮೇಲೆ ಯುದ್ಧಕ್ಕೆ ಹೋದ ಸ್ಲೊವಾಕ್ ಸೈನಿಕರು ಕಂಡದ್ದನ್ನು ಮನೆಯವರಿಗೆ ಹೇಳಿದ್ದರು. ಎಷ್ಟೋ ಜನ ಅಲ್ಲೇ ಎದುರು ಪಾಳಯ ಸೇರಿದ್ದರು. ಆ ಡಿಸೆಂಬರ್‌ನಲ್ಲಿ ಪ್ರಜಾಪ್ರಭುತ್ವವಾದಿಗಳೂ ಕಮ್ಯುನಿಸ್ಟರೂ ಗುಟ್ಟಾಗಿ ಕೈಜೋಡಿಸಿದರು. ಬಾನ್ಸ್ಕಾ ಬಿಸ್ಟ್ರಿತ್ಸಾದಲ್ಲಿ ಭೂಸೇನೆಯ ಮುಖ್ಯ ಕಚೇರಿಯಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಯಾನ್ ಗೋಲಿಯನ್ ಒಳಗಿಂದೊಳಗೇ ದಂಗೆಗೆ ತಯಾರಿ ನಡೆಸಿದ. ಸರ್ಕಾರದ ಸಂಬಳ ಪಡೆಯುತ್ತ, ಸರ್ಕಾರದ ದುಡ್ಡಿನಲ್ಲೇ ಮದ್ದುಗುಂಡು, ಪೆಟ್ರೋಲ್, ದವಸವನ್ನು ನಡುನಾಡಿನ ಬೆಟ್ಟಗಳ ಕಡೆ ಸಾಗಿಸಿದ. ಪೂರ್ವದ ಗಡಿಯಲ್ಲಿದ್ದ ಎರಡು ಡಿವಿಜನ್‌ಗಳು ಕಾರ್ಪೇಥಿಯನ್ ಬೆಟ್ಟದ ದುಕ್ಲಾ ಕಣಿವೆಯನ್ನು ಒಳಗಿನಿಂದ ತೆರೆಯಬೇಕು, ಸೋವಿಯತ್ ಸೈನ್ಯ ಅಲ್ಲಿಂದ ನುಗ್ಗಬೇಕು. ಯೋಜನೆ ಚೆನ್ನಾಗಿತ್ತು.

ಆದರೆ ಬೆಟ್ಟದಲ್ಲಿ ಇನ್ನೊಂದು ಪಡೆಯೂ ಇತ್ತು. ಸೋವಿಯತ್ ವಿಮಾನದಿಂದ ಇಳಿದವರು ಕಟ್ಟಿದ ಪಾರ್ಟಿಸಾನ್, ಅಂದರೆ ಗೆರಿಲ್ಲಾ, ಗುಂಪುಗಳು. ಅವರು ಗೋಲಿಯನ್‌ನ ಗಡಿಯಾರಕ್ಕೆ ಕಾಯಲಿಲ್ಲ. ಆಗಸ್ಟ್ 23ಕ್ಕೆ ರುಮೇನಿಯಾ ಪಕ್ಷ ಬದಲಿಸಿತು. ಅಲ್ಲಿಂದ ಪೌಲ್ ಒಟ್ಟೊ ಎಂಬ ಅಧಿಕಾರಿಯ ನೇತೃತ್ವದಲ್ಲಿ ವಾಪಸ್ ಹೊರಟಿದ್ದ ಜರ್ಮನ್ ಸೇನಾ ನಿಯೋಗದ ರೈಲನ್ನು ಮಾರ್ಟಿನ್ ಊರಿನಲ್ಲಿ ತಡೆದು, 28ರ ಬೆಳಿಗ್ಗೆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದರು. ಜರ್ಮನಿ ಇನ್ನು ಸುಮ್ಮನಿರುವ ಹಾಗಿರಲಿಲ್ಲ. ಪೂರ್ವರಂಗದಲ್ಲಿದ್ದ ಅದರ ಸೈನ್ಯಕ್ಕೆ ಅನ್ನ-ಗುಂಡು ಹೋಗುತ್ತಿದ್ದ ರೈಲು ಹಳಿಗಳು ಇದೇ ನಾಡಿನ ಮೂಲಕ ಹಾದುಹೋಗುತ್ತಿದ್ದವು.

ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಜರ್ಮನ್ ರಾಯಭಾರಿ ಹಾನ್ಸ್ ಲೂಡಿನ್ ಟಿಸೊನ ಬಳಿ ಹೋದ. ಸೈನ್ಯ ಕಳಿಸುತ್ತೇವೆ ಎಂದ. ಟಿಸೊ ಒಪ್ಪಿದ. ಆದ್ದರಿಂದ ಕಾಗದದ ಮೇಲೆ ಇದು ಆಕ್ರಮಣ ಅಲ್ಲ. ಮಿತ್ರದೇಶದ ಅಧ್ಯಕ್ಷನ ಒಪ್ಪಿಗೆಯಿಂದ ಬಂದ ಸಹಾಯ! 29ರ ಸಂಜೆ ರಕ್ಷಣಾ ಸಚಿವ ಚಾಟ್ಲೋಶ್ ರೇಡಿಯೊದಲ್ಲಿ ಬಂದು, ಜರ್ಮನ್ ಪಡೆಗಳು ನಮಗೆ ನೆರವಾಗಲು ಬರುತ್ತಿವೆ, ಎದುರಿಸಬೇಡಿ ಎಂದ. ಒಂದು ಗಂಟೆ ಕಳೆಯುವುದರೊಳಗೆ ಗೋಲಿಯನ್ ಕಡೆಯಿಂದ ಸೈನ್ಯದ ನೆಲೆಗಳಿಗೆ ಫೋನ್ ಹೋಯಿತು. 'ಮನೆ ಖಾಲಿ ಮಾಡಿಸಲು ಶುರು ಮಾಡಿ.' ಅದು ಸಂಕೇತ. ದಂಗೆ ಎದ್ದಿತು. ಮರುದಿನ ಬೆಳಿಗ್ಗೆ ಬಾನ್ಸ್ಕಾ ಬಿಸ್ಟ್ರಿತ್ಸಾದಿಂದ ಸ್ವತಂತ್ರ ರೇಡಿಯೊ ಮಾತಾಡಿತು.

ದುಕ್ಲಾದ ಕನಸು ಮಾತ್ರ ಎರಡೇ ದಿನದಲ್ಲಿ ಮುರಿಯಿತು. ಒಳ್ಳೆಯ ಆಯುಧಗಳಿದ್ದ ಆ ಎರಡು ಡಿವಿಜನ್‌ಗಳನ್ನು ಜರ್ಮನ್ನರು ಹೆಚ್ಚು ಗುಂಡು ಹಾರಿಸದೆಯೇ ನಿಶ್ಶಸ್ತ್ರಗೊಳಿಸಿದರು. ಸಾವಿರಾರು ಜನರನ್ನು ಸೆರೆಶಿಬಿರಗಳಿಗೆ ಕಳಿಸಿದರು. ಸೆಪ್ಟೆಂಬರ್ 8ಕ್ಕೆ ಸೋವಿಯತ್ ಸೈನ್ಯ ದುಕ್ಲಾ ಕಡೆ ಹೊರಟಾಗ ಬಾಗಿಲು ತೆರೆಯುವವರೇ ಇರಲಿಲ್ಲ. ಕಣಿವೆಯ ತುದಿ ಮುಟ್ಟಿದ್ದು ಅಕ್ಟೋಬರ್ 6ಕ್ಕೆ, ಸಾವಿರಾರು ಹೆಣಗಳನ್ನು ದಾಟಿ.

ಜರ್ಮನ್ ಕಡೆಯಿಂದ ಮೊದಲು ಬಂದವನು ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಅಧಿಕಾರಿ ಗಾಟ್‌ಲೋಬ್ ಬೆರ್ಗರ್. ಕೆಲವೇ ದಿನಗಳ ಕೆಲಸ ಅಂದುಕೊಂಡಿದ್ದ. ತರಬೇತಿ ಶಾಲೆಗಳಿಂದ, ಅಲ್ಲಿ ಇಲ್ಲಿ ಉಳಿದ ತುಕಡಿಗಳಿಂದ ಆರಿಸಿ ಕಟ್ಟಿದ ಸೈನ್ಯ ಅವನದು. ಬೆಟ್ಟದ ಹಾದಿಗಳಲ್ಲಿ ಅದು ಸಿಕ್ಕಿಕೊಂಡಿತು. ಬಂಡಾಯಗಾರರು ಜ್ವೋಲೆನ್ ಊರಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಮೂರು ಕವಚದ ರೈಲುಗಳನ್ನು ಕೆಲವೇ ವಾರಗಳಲ್ಲಿ ಕಟ್ಟಿದರು. ಅವುಗಳಿಗೆ ಹುರ್ಬಾನ್, ಶ್ಟೆಫಾನಿಕ್, ಮಸಾರಿಕ್ ಎಂದು ತಮ್ಮ ಹಿರಿಯರ ಹೆಸರಿಟ್ಟರು. ಈ ಭಾಗ ಓದುವಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ದಿನವೂ ಬೋಗಿ ರಿಪೇರಿ ಮಾಡುತ್ತಿದ್ದ ಕೆಲಸಗಾರರು, ಅದೇ ಕೈಯಿಂದ ಅದೇ ಬೋಗಿಗಳಿಗೆ ಉಕ್ಕಿನ ತಗಡು ಬೆಸೆದರು. ಹತ್ತಿರದ ಟ್ರಿ ದುಬಿ ಎಂಬ ವಿಮಾನದ ಬಯಲಿಗೆ ಸೋವಿಯತ್ ಕಡೆಯಿಂದ ಜೆಕೊಸ್ಲೊವಾಕ್ ಯುದ್ಧವಿಮಾನಗಳು ಬಂದಿಳಿದವು. ಅಮೆರಿಕದ ವಿಮಾನಗಳೂ ಬಂದವು.

ಸೆಪ್ಟೆಂಬರ್ ಮಧ್ಯದಲ್ಲಿ ಬೆರ್ಗರ್ ಜಾಗಕ್ಕೆ ಹೆರ್ಮನ್ ಹೋಫ್ಲೆ ಬಂದ. ಅಕ್ಟೋಬರ್ ಮಧ್ಯದಲ್ಲಿ ಹಂಗೇರಿ ಜರ್ಮನಿಯ ಕೈ ಬಿಡಲು ನೋಡಿತು. ಅಲ್ಲಿನ ಆಡಳಿತವನ್ನೇ ಜರ್ಮನ್ನರು ಕಿತ್ತೊಗೆದರು. ಆಮೇಲೆ ದಕ್ಷಿಣದ ಕಡೆಯಿಂದಲೂ ಸ್ಲೊವಾಕಿಯಾದ ಮೇಲೆ ಸೈನ್ಯ ಬಿಟ್ಟರು. ವಾರ್ಸಾದಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದು ಬಂದಿದ್ದ ಡಿರ್ಲೆವಾಂಗರ್ ದಳವೂ ಇದರಲ್ಲಿತ್ತು. ಅಕ್ಟೋಬರ್ 27ಕ್ಕೆ ಬಾನ್ಸ್ಕಾ ಬಿಸ್ಟ್ರಿತ್ಸಾ ಬಿತ್ತು. ಲಂಡನ್‌ನಿಂದ ಬಂದು ಸೇನೆಯ ಮುಂದಾಳತ್ವ ವಹಿಸಿದ್ದ ಜನರಲ್ ರುಡಾಲ್ಫ್ ವಿಯೆಸ್ಟ್, ಇನ್ನು ಬೆಟ್ಟದಲ್ಲಿ ಪಾರ್ಟಿಸಾನ್ ರೀತಿ ಹೋರಾಡಿ ಎಂದು ಕೊನೆಯ ಆದೇಶ ಕೊಟ್ಟ. ನವೆಂಬರ್ 3ರಂದು ಅವನೂ ಗೋಲಿಯನ್ನೂ ಒಂದು ಹಳ್ಳಿಯಲ್ಲಿ ಸೆರೆ ಸಿಕ್ಕರು. ಜರ್ಮನಿಗೆ ಒಯ್ದರು. ಇಬ್ಬರೂ ಮರಳಲಿಲ್ಲ.

ಯುದ್ಧ ಅಂತ ನೋಡಿದರೆ ಕಥೆ ಇಲ್ಲಿಗೆ ಮುಗಿಯಿತು.

ಕ್ರೆಮ್ನಿಚ್ಕಾ

ಬಾನ್ಸ್ಕಾ ಬಿಸ್ಟ್ರಿತ್ಸಾದಲ್ಲಿ ದಂಗೆಯ ಮ್ಯೂಸಿಯಂ ಇದೆ. 1969ರಲ್ಲಿ ತೆರೆದ, ನಡುವೆ ಸೀಳಿದಂತಿರುವ ಬಿಳಿ ಕಾಂಕ್ರೀಟ್ ಕಟ್ಟಡ. ನಾನು ಮತ್ತು ನನ್ನ ಸಹೋದ್ಯೋಗಿ ಒಬ್ಬಳು ಅಲ್ಲಿಗೆ ಹೋಗಿದ್ದೆವು. ಅವಳ ತಾಯಿಯ ಊರು ಅದೇ ಕಡೆ, ಹ್ರೋನ್ ನದಿಯ ದಡದಲ್ಲಿ. ಹೊರಗೆ ವಿಮಾನ, ಫಿರಂಗಿಗಳ ಸುತ್ತ ಮಕ್ಕಳು ಓಡಾಡುತ್ತಿದ್ದರು. ಮ್ಯೂಸಿಯಂ ನೋಡಿ ಮುಗಿಸಿ ಕಾರು ಹತ್ತಿದಾಗ ಅವಳು, 'ಊಟಕ್ಕೆ ಮೊದಲು ಇನ್ನೊಂದು ಜಾಗ ಇದೆ, ಹತ್ತಿರಾನೇ' ಎಂದಳು. ಜ್ವೋಲೆನ್ ಕಡೆ ಹೋಗುವ ದಾರಿ. ಈಗ ಊರು ಬೆಳೆದು ಕ್ರೆಮ್ನಿಚ್ಕಾ ನಗರದೊಳಗೇ ಸೇರಿಕೊಂಡಿದೆ. ಹತ್ತಿರದಲ್ಲೇ ಮನೆಗಳು, ದೂರದಲ್ಲಿ ವಾಹನಗಳ ಸದ್ದು. ಹುಲ್ಲು ಬೆಳೆದ ಉದ್ದನೆಯ ಜಾಗ.

ಜರ್ಮನ್ ಟ್ಯಾಂಕ್‌ಗಳನ್ನು ತಡೆಯಲೆಂದು ದಂಗೆಯ ಕಾಲದಲ್ಲಿ ಜನ ಇಲ್ಲಿ ಕಂದಕ ತೋಡಿದ್ದರು. ಆ ಕಂದಕಗಳನ್ನೇ ಗೆದ್ದವರು ಬಳಸಿಕೊಂಡರು. 1944ರ ನವೆಂಬರ್ 5ರಿಂದ ಶುರು. ಬಾನ್ಸ್ಕಾ ಬಿಸ್ಟ್ರಿತ್ಸಾದ ಜೈಲಿನಿಂದ ಲಾರಿಗಳಲ್ಲಿ ಜನರನ್ನು ತರುತ್ತಿದ್ದರು. ಕಂದಕದ ಅಂಚಿನಲ್ಲಿ ಗುಂಡು. ಯುದ್ಧ ಮುಗಿಯುವ ಹೊತ್ತಿಗೆ ಇಲ್ಲಿ ತೆಗೆದ ಹೆಣಗಳು 747. ಗಂಡಸರು 478, ಹೆಂಗಸರು 211, ಮಕ್ಕಳು 58. ಸುಮಾರು ಅರ್ಧದಷ್ಟು ಜನ ಯಹೂದಿಗಳು. ಅವರಲ್ಲಿ ಹವೀವಾ ರೈಕ್ ಕೂಡ ಒಬ್ಬಳು. ಬಾನ್ಸ್ಕಾ ಬಿಸ್ಟ್ರಿತ್ಸಾ ಪಕ್ಕದಲ್ಲೇ ಬೆಳೆದ ಹುಡುಗಿ. 1939ರಲ್ಲಿ ಪ್ಯಾಲೆಸ್ಟೈನ್‌ಗೆ ಹೋಗಿ ಸುರಕ್ಷಿತವಾಗಿದ್ದವಳು. ಬ್ರಿಟಿಷರ ಪ್ಯಾರಾಚೂಟ್ ತರಬೇತಿ ಪಡೆದು, ದಂಗೆಯ ಸಮಯದಲ್ಲಿ ತನ್ನವರಿಗೆ ನೆರವಾಗಲು ವಾಪಸ್ ಬಂದಳು. ನವೆಂಬರ್ 20ರಂದು ತಾನು ಬೆಳೆದ ಊರಿನ ಪಕ್ಕದ ಕಂದಕದಲ್ಲಿ ಗುಂಡಿಗೆ ಬಲಿಯಾದಳು.

ಹ್ರೋನ್ ನದಿಯಗುಂಟ ಪೂರ್ವಕ್ಕೆ ಹೋದರೆ ನೆಮೆಟ್ಸ್ಕಾ. ಅಲ್ಲಿ ಸುಣ್ಣದ ಭಟ್ಟಿ ಇತ್ತು. 1945ರ ಜನವರಿ 5ರಿಂದ 11ರವರೆಗೆ ಜನರನ್ನು ತಂದು ಭಟ್ಟಿಯ ಬಾಯಲ್ಲಿ ಕೊಂದು ಒಳಗೆ ಹಾಕಿದರು. ಬೂದಿಯನ್ನು ನದಿಗೆ ಸುರಿದರು. ಹಾಗಾಗಿ ಸತ್ತವರ ಲೆಕ್ಕ ಅಂದಾಜು ಮಾತ್ರ. 900ರವರೆಗೂ ಹೇಳುತ್ತಾರೆ. ಜನವರಿ 21ರಂದು ಓಸ್ಟ್ರಿ ಗ್ರೂನ್, ಕ್ಲ್ಯಾಕ್ ಎಂಬ ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ ಒಂದೇ ದಿನ 148 ಜನರನ್ನು, ಮಕ್ಕಳನ್ನೂ ಬಿಡದೆ, ಕೊಂದರು. ಮಾರ್ಚ್ 18ರಂದು ಕಲಿಶ್ಟ್ಯೆ ಎಂಬ ಬೆಟ್ಟದ ಹಳ್ಳಿಯನ್ನು ಸುಟ್ಟರು. ಸೋವಿಯತ್ ಮತ್ತು ರುಮೇನಿಯಾ ಸೈನ್ಯ ಬಾನ್ಸ್ಕಾ ಬಿಸ್ಟ್ರಿತ್ಸಾಕ್ಕೆ ಬಂದದ್ದು ಮಾರ್ಚ್ 26ಕ್ಕೆ. ಎಂಟೇ ದಿನ ಇತ್ತು. ಸೋಲು ಖಚಿತವಾಗಿದ್ದ ಸೈನ್ಯ, ತಾನು ಬಿಟ್ಟು ಹೋಗಲಿರುವ ಬೆಟ್ಟದ ಹಳ್ಳಿಗೆ ಬೆಂಕಿ ಇಟ್ಟಿತು. ಕಲಿಶ್ಟ್ಯೆಯನ್ನು ಮತ್ತೆ ಯಾರೂ ಕಟ್ಟಲಿಲ್ಲ. ಇವತ್ತಿಗೂ ಅಲ್ಲಿ ಮನೆಗಳ ತಳಪಾಯದ ಕಲ್ಲುಗಳಿವೆ.

ಯಾಕೆ ಎಂಬ ಪ್ರಶ್ನೆಗೆ ಸುಲಭದ ಉತ್ತರ, ಸೇಡು. ಇನ್ನೊಂದು, ಪಾರ್ಟಿಸಾನರ ಭಯ. ಬೆಟ್ಟದಲ್ಲಿ ಅವರು ಇನ್ನೂ ಇದ್ದರು, ಹಳ್ಳಿಯವರು ಅವರಿಗೆ ಊಟ ಹಾಕುತ್ತಿದ್ದರು. ಎರಡೂ ನಿಜವೇ. ಆದರೆ ಭಯ ಇದ್ದದ್ದು ಪಾರ್ಟಿಸಾನರದಾದರೆ ಕ್ರೆಮ್ನಿಚ್ಕಾದಲ್ಲಿ 58 ಮಕ್ಕಳು ಯಾಕೆ? ಅಲ್ಲಿ ನಿಂತಾಗ ನನಗೆ ಹೊಳೆದದ್ದು ಬೇರೆ. ಜರ್ಮನ್ ಸೈನ್ಯದ ಹಿಂದೆಯೇ ಇನ್ನೊಂದು ತಂಡ ಈ ದೇಶದೊಳಗೆ ಬಂದಿತ್ತು. ಯೋಸೆಫ್ ವಿಟಿಸ್ಕಾ ಎಂಬ ಎಸ್‌ಎಸ್ ಅಧಿಕಾರಿಯ ಕೆಳಗಿನ ಐನ್‌ಜಾಟ್ಸ್‌ಗ್ರುಪ್ಪೆ ಎಚ್ ಎಂಬ ಸಂಚಾರಿ ಕೊಲೆ ಪಡೆ. ಅದು ದಂಗೆ ಅಡಗಿಸುವುದರ ಜೊತೆಯಲ್ಲೇ ಇನ್ನೊಂದು ಕೆಲಸವನ್ನೂ ಹೊತ್ತು ತಂದಿತ್ತು. 1942ರ ಅಕ್ಟೋಬರ್‌ನಲ್ಲಿ ನಿಂತುಹೋಗಿದ್ದ ಯಹೂದಿಗಳ ಸಾಗಾಟವನ್ನು ಮುಗಿಸುವುದು. ಸೆಪ್ಟೆಂಬರ್ ಕೊನೆಗೆ ಅಲೋಯಿಸ್ ಬ್ರುನ್ನರ್ ಎಂಬ ಎಸ್‌ಎಸ್ ಅಧಿಕಾರಿ ಬಂದು, ಯಹೂದಿಗಳನ್ನು ಕೂಡಿಹಾಕುತ್ತಿದ್ದ ಸೆರೆಡ್ ಶಿಬಿರವನ್ನು ವಹಿಸಿಕೊಂಡ. ಉಳಿದಿದ್ದ ಯಹೂದಿಗಳಲ್ಲಿ ಸುಮಾರು 13 ಸಾವಿರ ಜನರನ್ನು ಔಶ್ವಿಟ್ಜ್ ಮತ್ತಿತರ ಶಿಬಿರಗಳಿಗೆ ಕಳಿಸಿದರು. ದಂಗೆ ಅವರಿಗೆ ಬರೀ ತೊಂದರೆ ಆಗಿರಲಿಲ್ಲ, ಒಂದು ಅವಕಾಶವೂ ಆಗಿತ್ತು. ಪಾರುಪತ್ಯಗಾರನ ಮರ್ಜಿ ಕಾಯುವ ಕೆಲಸ ತಪ್ಪಿತು.

ಆದರೆ ಪಾರುಪತ್ಯಗಾರನನ್ನು ತೆಗೆದುಹಾಕಲಿಲ್ಲ. ಇದೇ ನನಗೆ ಮುಖ್ಯ ಅನಿಸುವುದು. ಸ್ಲೊವಾಕಿಯಾ ಈಗ ಸ್ಪಷ್ಟವಾಗಿ ಜರ್ಮನ್ ಸೈನ್ಯದ ಕೈಯಲ್ಲಿತ್ತು. ಆದರೂ ಸೆಪ್ಟೆಂಬರ್ 5ಕ್ಕೆ ಹೊಸ ಮಂತ್ರಿಮಂಡಲ ಬಂತು. ಟಿಸೊನ ಸಂಬಂಧಿಕ ಶ್ಟೆಫಾನ್ ಟಿಸೊ ಅದರ ಪ್ರಧಾನಿ. ಹ್ಲಿಂಕಾ ಗಾರ್ಡ್‌ನಿಂದ ತುರ್ತು ದಳಗಳನ್ನು ಕಟ್ಟಿದರು. ಕ್ರೆಮ್ನಿಚ್ಕಾ, ನೆಮೆಟ್ಸ್ಕಾ ಎರಡೂ ಕಡೆ ವಿಟಿಸ್ಕಾನ ಪಡೆಯ ಒಂದು ದಳವಾದ ಐನ್‌ಜಾಟ್ಸ್‌ಕಮಾಂಡೊ 14ರವರ ಜೊತೆ ಈ ಸ್ಲೊವಾಕ್ ಗಾರ್ಡ್‌ಗಳೂ ಇದ್ದರು. ಅವರೂ ಬಂದೂಕು ಹಿಡಿದಿದ್ದರು. ಸೈನಿಕ ಲೆಕ್ಕದಲ್ಲಿ ಜರ್ಮನ್ನರಿಗೆ ಇವರು ಬೇಕೇ ಆಗಿರಲಿಲ್ಲ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಯಾವ ಮನೆಯಲ್ಲಿ ಯಾರು ಅಡಗಿದ್ದಾರೆ, ಯಾರ ಮಗ ಬೆಟ್ಟಕ್ಕೆ ಹೋಗಿದ್ದಾನೆ, ಯಾರ ಕಾಗದಪತ್ರ ಸುಳ್ಳು ಎಂದು ಹೇಳಲು ಊರಿನವರೇ ಬೇಕು. ಮತ್ತೆ ಒಂದು ಸಲ ಕಂದಕದ ಅಂಚಿನಲ್ಲಿ ನಿಂತು ಗುಂಡು ಹಾರಿಸಿದವನಿಗೆ ವಾಪಸ್ ಹೋಗುವ ದಾರಿ ಇಲ್ಲ. ರೆಡ್ ಆರ್ಮಿ ಬಂದರೆ ತನಗೆ ನೇಣು ಎಂದು ಅವನಿಗೆ ಗೊತ್ತು. ಅಂಥವನು ಕೊನೆಯ ದಿನದವರೆಗೂ ಕೈ ಬಿಡುವುದಿಲ್ಲ. ರುಮೇನಿಯಾ ಪಕ್ಷ ಬದಲಿಸಿತು, ಹಂಗೇರಿ ಬದಲಿಸಲು ನೋಡಿತು. ಸ್ಲೊವಾಕಿಯಾದ ಸರ್ಕಾರ ಕಡೆಯವರೆಗೂ ಬದಲಾಗಲಿಲ್ಲ. ಪದಕ ಕೊಡುವ ಆ ಫೋಟೊವನ್ನೂ ನಾನು ಹೀಗೇ ಓದುತ್ತೇನೆ. ಅಂದು ಆ ಸೈನಿಕರ ಜೊತೆ ನಿಂತು ಫೋಟೊ ತೆಗೆಸಿಕೊಂಡ ಮೇಲೆ ಟಿಸೊಗೂ ಬೇರೆ ದಾರಿ ಉಳಿಯಲಿಲ್ಲ.

ಅಜ್ಜಿಯ ಲೆಕ್ಕ

ಊಟ ಸಹೋದ್ಯೋಗಿಯ ಅಜ್ಜಿಯ ಮನೆಯಲ್ಲಿ. ಕುರಿ ಹಾಲಿನ ಬ್ರಿಂಜಾ ಚೀಸ್ ಹಾಕಿದ ಹಲುಶ್ಕಿ. ನನಗಾಗಿ ಮೇಲೆ ಹಂದಿ ಮಾಂಸದ ಚೂರು ಹಾಕದೆ ಬೇರೆ ಎತ್ತಿಟ್ಟಿದ್ದರು. ಅಜ್ಜಿ ದಂಗೆಯ ಕಾಲಕ್ಕೆ ಚಿಕ್ಕ ಹುಡುಗಿ. ಕ್ರೆಮ್ನಿಚ್ಕಾದಿಂದ ಬಂದೆವು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಮೊಮ್ಮಗಳು ನನಗೆ ಇಂಗ್ಲಿಷ್‌ನಲ್ಲಿ ತಿಳಿಸುತ್ತ ಹೋದಳು. ರಾತ್ರಿ ಪಾರ್ಟಿಸಾನರು ಬಂದು ರೊಟ್ಟಿ ಕೇಳುತ್ತಿದ್ದರು. ಕೊಡದಿದ್ದರೆ ಅವರ ಕೋಪ. ಹಗಲು ಜರ್ಮನ್ನರು ಬಂದು ರೊಟ್ಟಿ ಯಾರಿಗೆ ಕೊಟ್ಟಿರಿ ಎಂದು ಕೇಳುತ್ತಿದ್ದರು. ಕೊಟ್ಟಿದ್ದರೆ ಮನೆಗೆ ಬೆಂಕಿ. ಅವರ ಅಮ್ಮ ರಾತ್ರಿ ಒಲೆ ಹಚ್ಚುವುದನ್ನೇ ನಿಲ್ಲಿಸಿದ್ದರಂತೆ, ಹೊಗೆ ಕಂಡರೆ ಎರಡೂ ಕಡೆಯವರು ಬರುತ್ತಾರೆ ಎಂದು. 'ಎಲ್ಲರೂ ಸುಮ್ನೆ ಇದ್ದಿದ್ದರೆ ರಷ್ಯನ್ನರು ಹೇಗೂ ಬರ್ತಿದ್ದರು. ಇನ್ನು ಆರು ತಿಂಗಳು ಕಾಯಬಹುದಿತ್ತು ಅಲ್ವಾ?' ಎಂದರು. ಮೊಮ್ಮಗಳು ಇದನ್ನು ನನಗೆ ಹೇಳಿ, ಅಜ್ಜಿಯ ಕಡೆ ತಿರುಗಿ ಜೋರಾಗಿ ಏನೋ ವಾದ ಮಾಡಿದಳು. ಅಜ್ಜಿ ಉತ್ತರ ಕೊಡದೆ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದರು.

ಆ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಸಿವು, ಭಯ ಎರಡನ್ನೂ ಕಂಡವರ ಮಾತು ಅದು. ಪಾರ್ಟಿಸಾನರೆಲ್ಲ ದೇವರಂಥವರೂ ಆಗಿರಲಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ಸ್ಕ್ಲೆನೆ ಎಂಬ ಹಳ್ಳಿಯಲ್ಲಿ, ತಲೆತಲಾಂತರದಿಂದ ಅಲ್ಲೇ ಇದ್ದ ಜರ್ಮನ್ ಮಾತಾಡುವ ಗಂಡಸರನ್ನು, ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೊಂದವರು ಪಾರ್ಟಿಸಾನರೇ. ಸತ್ತವರು 187. ದಂಗೆಯನ್ನು ಪ್ರೀತಿಸುವವರು ಈ ಸಂಖ್ಯೆಯನ್ನೂ ಹೇಳಬೇಕು.

ಆದರೂ ಅಜ್ಜಿಯ ಲೆಕ್ಕವನ್ನು ನಾನು ಒಪ್ಪಲಾರೆ. ಯಾಕೆಂದರೆ ಸುಮ್ಮನಿದ್ದ ಕಾಲದ ಲೆಕ್ಕವೂ ಇದೆ. 1942ರಲ್ಲಿ ಯಾವ ದಂಗೆಯೂ ಇರಲಿಲ್ಲ. ಬೆಟ್ಟದಲ್ಲಿ ಯಾರೂ ಇರಲಿಲ್ಲ. ಯಾವ ಜರ್ಮನ್ ಅಧಿಕಾರಿಯನ್ನೂ ಯಾರೂ ಕೊಂದಿರಲಿಲ್ಲ. ಎಲ್ಲರೂ ಸುಮ್ಮನಿದ್ದರು. ಆ ಸುಮ್ಮನಿದ್ದ ಏಳು ತಿಂಗಳಲ್ಲೇ 58 ಸಾವಿರ ಜನ ರೈಲು ಹತ್ತಿದರು. ಅವರಲ್ಲಿ ವಾಪಸ್ ಬಂದವರು ಕೆಲವೇ ನೂರು. ಹಳ್ಳಿಗಳು ಸುಟ್ಟ ಚಳಿಗಾಲಕ್ಕಿಂತ ಆ ವರ್ಷ ಎಷ್ಟೋ ಪಾಲು ಜಾಸ್ತಿ ಜನರನ್ನು ನುಂಗಿತು. ಹೊಗೆ ಕಾಣಲಿಲ್ಲ ಅಷ್ಟೇ. ಅದು ಗಡಿಯಾಚೆ, ಔಶ್ವಿಟ್ಜ್‌ನಲ್ಲಿ ಎದ್ದಿತು. ನೋವಾಕಿ ಎಂಬ ದುಡಿಮೆ ಶಿಬಿರದ ಯಹೂದಿ ಹುಡುಗರಿಗೆ ಇದು ಚೆನ್ನಾಗಿ ಗೊತ್ತಿತ್ತು. ದಂಗೆ ಎದ್ದ ಕೂಡಲೇ ಶಿಬಿರ ಬಿಟ್ಟು ಬಂದು ಸುಮಾರು ಇನ್ನೂರು ಜನ ತಮ್ಮದೇ ತುಕಡಿ ಕಟ್ಟಿ ಹೋರಾಡಿದರು. ಆರು ತಿಂಗಳು ಕಾಯಿರಿ ಎಂದು ಅವರಿಗೆ ಯಾರು ಹೇಳಬಹುದಿತ್ತು?

ಹಳ್ಳಿಯನ್ನು ಸುಟ್ಟದ್ದು ದಂಗೆ ಎಂದರೆ ಬೆಂಕಿಪೊಟ್ಟಣ ಹಿಡಿದಿದ್ದ ಕೈ ಮರೆಗೆ ಸರಿಯುತ್ತದೆ. ಕಲಿಶ್ಟ್ಯೆಗೆ ಬೆಂಕಿ ಇಡಬೇಕೆಂದು ಒಬ್ಬ ಮನುಷ್ಯ ಆದೇಶ ಕೊಟ್ಟ. ಇನ್ನೊಬ್ಬ ಅದನ್ನು ಪಾಲಿಸಿದ. ಇಬ್ಬರೂ ಬೇರೆ ಏನನ್ನಾದರೂ ಮಾಡಬಹುದಿತ್ತು.

ಯಾರಿಗೆ ಏನಾಯಿತು

ಟಿಸೊನನ್ನು 1947ರ ಏಪ್ರಿಲ್ 18ರಂದು ಬ್ರಾಟಿಸ್ಲಾವಾದಲ್ಲಿ ನೇಣಿಗೆ ಹಾಕಿದರು. ಹೋಫ್ಲೆ ಮತ್ತು ರಾಯಭಾರಿ ಲೂಡಿನ್ ಇಬ್ಬರಿಗೂ ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲೇ ನೇಣು. ವಿಟಿಸ್ಕಾ ವಿಚಾರಣೆಗೆ ಮೊದಲೇ ಆತ್ಮಹತ್ಯೆ ಮಾಡಿಕೊಂಡ. ಬ್ರುನ್ನರ್ ತಪ್ಪಿಸಿಕೊಂಡು ಸಿರಿಯಾ ಸೇರಿದ, ಯಾವ ನ್ಯಾಯಾಲಯವೂ ಅವನನ್ನು ಕಟಕಟೆಯಲ್ಲಿ ನಿಲ್ಲಿಸಲು ಆಗಲಿಲ್ಲ. ಮೊದಲು ಬಂದ ಬೆರ್ಗರ್‌ಗೆ ನ್ಯೂರೆಂಬರ್ಗ್‌ನಲ್ಲಿ 25 ವರ್ಷ ಶಿಕ್ಷೆಯಾಯಿತು. 1951ರಲ್ಲೇ ಬಿಡುಗಡೆಯಾದ.

ದಂಗೆ ಎದ್ದವರ ಗತಿಯೂ ನೇರವಾಗಿರಲಿಲ್ಲ. ದಂಗೆಯ ನಾಯಕರಲ್ಲಿ ಒಬ್ಬನಾಗಿದ್ದ ಕಮ್ಯುನಿಸ್ಟ್ ಗುಸ್ಟಾವ್ ಹುಸಾಕ್‌ನನ್ನು ಅವನ ಪಕ್ಷವೇ 1951ರಲ್ಲಿ ಬಂಧಿಸಿತು, 'ಬೂರ್ಜ್ವಾ ರಾಷ್ಟ್ರೀಯವಾದಿ' ಎಂದು ಜೀವಾವಧಿ ಶಿಕ್ಷೆ ಕೊಟ್ಟಿತು. ಎಷ್ಟೋ ವರ್ಷಗಳ ಮೇಲೆ ಹೊರಗೆ ಬಂದ. ದಂಗೆಯಲ್ಲಿ ಗಾಯಗೊಂಡು ಅಣ್ಣನನ್ನು ಕಳೆದುಕೊಂಡ ಅಲೆಕ್ಸಾಂಡರ್ ದುಬ್ಚೆಕ್ 1968ರಲ್ಲಿ ದೇಶದ ನಾಯಕನಾಗಿ, ಮಾನವೀಯ ಮುಖದ ಸಮಾಜವಾದ ಕಟ್ಟುತ್ತೇನೆ ಎಂದ. ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕ್‌ಗಳು ಬಂದವು. ಆಗಲೂ ಬಂದವರು ಹೇಳಿದ್ದು, ನಿಮ್ಮವರೇ ಸಹಾಯ ಕೇಳಿದರು ಎಂದೇ. ದುಬ್ಚೆಕ್‌ನನ್ನು ಇಳಿಸಿ ಆ ಕುರ್ಚಿಯಲ್ಲಿ ಕೂತವನು ಹುಸಾಕ್. 1944ರಲ್ಲಿ ಒಂದೇ ಕಡೆ ಹೋರಾಡಿದ ಇಬ್ಬರು. ಇದನ್ನು ಯೋಚಿಸಿದಾಗ ನನಗೆ ಸಿಟ್ಟಿಗಿಂತ ದುಃಖವೇ ಜಾಸ್ತಿ ಆಗುತ್ತದೆ.

2013ರಲ್ಲಿ ಇದೇ ಬಾನ್ಸ್ಕಾ ಬಿಸ್ಟ್ರಿತ್ಸಾ ಪ್ರಾಂತದ ಜನ ಮರಿಯನ್ ಕೊಟ್ಲೆಬಾನನ್ನು ಪ್ರಾಂತದ ಅಧ್ಯಕ್ಷನನ್ನಾಗಿ ಆರಿಸಿದರು. ಟಿಸೊನ ಕಾಲವನ್ನು ಹೊಗಳುವ ರಾಜಕಾರಣಿ ಅವನು. ಕ್ರೆಮ್ನಿಚ್ಕಾ, ನೆಮೆಟ್ಸ್ಕಾ, ಕಲಿಶ್ಟ್ಯೆ ಎಲ್ಲವೂ ಇರುವ ಪ್ರಾಂತ. ಮತದಾರರು 2017ರಲ್ಲಿ ಅವನನ್ನು ಸೋಲಿಸಿದರು ಎಂಬುದನ್ನೂ ಸೇರಿಸಿ ಹೇಳಬೇಕು. ಸಹೋದ್ಯೋಗಿ ಆ ಸಲ ಮತ ಹಾಕಲೆಂದೇ ಬ್ರಾಟಿಸ್ಲಾವಾದಿಂದ ಊರಿಗೆ ಹೋಗಿದ್ದಳಂತೆ.

ಓಸ್ಟ್ರಿ ಗ್ರೂನ್, ಕ್ಲ್ಯಾಕ್ ಹಳ್ಳಿಗಳ ಕೊಲೆಗೆ ಹೋದ ಪಡೆಗಳಲ್ಲಿ ಎಡೆಲ್‌ವೈಸ್ ಎಂಬ ಜರ್ಮನ್ ಪಾರ್ಟಿಸಾನ್-ವಿರೋಧಿ ಘಟಕವೂ ಇತ್ತು. ಅದರ ಸ್ಲೊವಾಕ್ ತುಕಡಿಯ ಮುಖ್ಯಸ್ಥ ಲಾಡಿಸ್ಲಾವ್ ನಿಜ್ನ್ಯಾನ್ಸ್ಕಿ. ಮೊದಲು ದಂಗೆಯಲ್ಲಿದ್ದ ಕ್ಯಾಪ್ಟನ್, ಸೆರೆ ಸಿಕ್ಕ ಮೇಲೆ ಜರ್ಮನ್ನರ ಕಡೆ ಸೇರಿದವನು. ಯುದ್ಧದ ನಂತರ ದೇಶ ಬಿಟ್ಟ, ಮ್ಯೂನಿಕ್‌ನಲ್ಲಿ ನೆಲೆಸಿದ. 1962ರಲ್ಲಿ ಜೆಕೊಸ್ಲೊವಾಕಿಯಾದ ನ್ಯಾಯಾಲಯ ಅವನ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತು. 2004ರಲ್ಲಿ ಜರ್ಮನ್ ಪೊಲೀಸರು ಅವನನ್ನು ಬಂಧಿಸಿ ಮ್ಯೂನಿಕ್‌ನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಕೊಲೆಗಳು ನಡೆದವು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅಂದು ಆದೇಶ ಕೊಟ್ಟವರು ಯಾರು, ಜರ್ಮನ್ ಅಧಿಕಾರಿಯೋ ಸ್ಲೊವಾಕ್ ಅಧಿಕಾರಿಯೋ, ಯಾವ ತುಕಡಿ ಎಲ್ಲಿ ನಿಂತಿತ್ತು, ಇದನ್ನೆಲ್ಲ ಅರವತ್ತು ವರ್ಷಗಳ ಮೇಲೆ ಬಿಡಿಸಬೇಕಿತ್ತು. 2005ರ ಡಿಸೆಂಬರ್‌ನಲ್ಲಿ ನ್ಯಾಯಾಲಯ, ಸಾಕ್ಷ್ಯ ಸಾಲದು ಎಂದು ಅವನನ್ನು ಬಿಡುಗಡೆ ಮಾಡಿತು. ಆಗ ಅವನಿಗೆ 88 ವರ್ಷ.